ಮೆಣಸಗಿಯಲ್ಲಿ ಒಂದು ಕ್ರಿಯಾಪದ

ಶಶಿಕಾಂತನ ಬಾಯಿಂದ ಆ ಶಬ್ದ ಹೊರಬಿದ್ದಾಗ ಅರ್ಜುನಪ್ಪನ ಹೆಬ್ಬೆರಳು ಚಿನ್ನುವಿನ ನೆತ್ತಿಯ ಮೇಲೆ ಅರ್ಧ ಸುತ್ತಿನಲ್ಲೇ ನಿಂತುಬಿಟ್ಟಿತು. ಸಣ್ಣ ಶಬ್ದ, ಒಂದು ಕೆಮ್ಮಿನಷ್ಟೇ. ಅವನು ಅದನ್ನು ಬೇಕೆಂದು ಆಡಿರಲಿಲ್ಲ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಕಾಲು ತಾನೇ ಮುಂದಿನ ಮೆಟ್ಟಿಲನ್ನು ಹುಡುಕಿಕೊಳ್ಳುವ ಹಾಗೆ ನಾಲಿಗೆ ತಾನೇ ಹುಡುಕಿಕೊಂಡಿತ್ತು. “ಮೀಲಿತಾಸ್.” ಕೋಣೆಯಲ್ಲಿದ್ದವರೆಲ್ಲ ಅವನತ್ತ ತಿರುಗಿದರು. ಅವನ ಅವ್ವ ಬಾಳವ್ವ ಜೋಡಿಸಿಕೊಂಡಿದ್ದ ಕೈಗಳನ್ನು ಬಿಚ್ಚಿದಳು. ಅಡಿಗೆಮನೆಯ ಬಾಗಿಲಲ್ಲಿ ಜೋಳ ಕೇರುತ್ತ ನಿಂತಿದ್ದ ಅರ್ಜುನಪ್ಪನ ಹೆಂಡತಿ ತಿಪ್ಪವ್ವನ ಮೊರ ಸದ್ದು ನಿಲ್ಲಿಸಿತು. ಶಶಿಕಾಂತನ ಹೆಂಡತಿ ನಿರ್ಮಲಾ ಮಾತ್ರ ತಿರುಗಲಿಲ್ಲ. ತೊಡೆಯ ಮೇಲೆ ಕೂತಿದ್ದ ಮಗಳ ರಿಬ್ಬನ್ ಸರಿಮಾಡುವವಳ ಹಾಗೆ ತಲೆ ಬಗ್ಗಿಸಿದಳು. ಮತ್ತು ಚಿನ್ನು, ಆರು ವರ್ಷದ ಚಿನ್ನು, ಅವನನ್ನು ನೋಡಿದಳು. ಏಳು ವಾರಗಳಲ್ಲಿ ಮೊದಲ ಸಲ, ನೇರ ಮುಖಕ್ಕೆ.

“ಶಶ್ಯಾ, ಬಾಯಿ ಮುಚಗೊಂಡು ಕುಂದ್ರಾಕ ಏನು ಧಾಡಿ ನಿನಗ?” ಬಾಳವ್ವ ಹಲ್ಲು ಕಚ್ಚಿಕೊಂಡೇ ಅಂದಳು. “ಮಂತ್ರದ ನಡಕ ಬಾಯಿ ಹಾಕ್ತಾರೇನು? ಮೂರು ಐತವಾರದ್ದು ಒಂದ ಮಾತಿನಾಗ ನೀರಾಗ ಹಾಕಿದಿ.”

“ತಪ್ಪಾತವ್ವಾ.”

“ಕಲ್ತಂವ ಅಂತ ಇಂವಾ.”

ಹೊರಗೆ ಪುರ್ತಗೇರಿಯ ಕನಕಪ್ಪ ಲಾರಿ ಹಾರ್ನಿಗೆ ಬೆದರಿದ ತನ್ನ ಎತ್ತನ್ನು ಹಿಡಿದುಕೊಂಡು ಬೆಳಗಿನಿಂದ ಪಾಳಿಗೆ ಕಾಯುತ್ತಿದ್ದ. “ಮುಗೀತೇನ್ರಿ ಮಿಲ್ಟ್ರಿ ಕಾಕಾ?” ಎಂದು ಕೂಗಿದ. “ಇದು ನಿಲ್ಲವಲ್ದು. ನನ್ನ ಕಾಲು ತುಳದ್ರ ಆಮ್ಯಾಲ ನನಗ ಮಂತ್ರ ಹಾಕಬೇಕಾದೀತು ನೀವು.” ಅರ್ಜುನಪ್ಪ ಹೆಬ್ಬೆರಳನ್ನು ಮಗುವಿನ ನೆತ್ತಿಯಿಂದ ಎತ್ತದೆ ಶಶಿಕಾಂತನನ್ನೇ ನೋಡುತ್ತಿದ್ದ. ಅರವತ್ತೈದು ದಾಟಿದ ಮುಖ, ಕಪ್ಪು ಮಣ್ಣಿನ ಹಾಗೆ ಬಿರುಕು ಬಿಟ್ಟದ್ದು. ಅದರಲ್ಲಿ ಸಿಟ್ಟಿರಲಿಲ್ಲ. ಬಾಗಿಲು ತಟ್ಟಿದ ಸದ್ದು ಕೇಳಿದರೂ ಏಳದೆ, ಇನ್ನೊಮ್ಮೆ ತಟ್ಟುತ್ತಾರೇನೋ ಎಂದು ಕಿವಿಗೊಟ್ಟು ಕೂತವನ ಮುಖ ಅದು.

ಶಶಿಕಾಂತ ಇಲ್ಲಿಗೆ ಬರಲು ಒಪ್ಪಿರಲಿಲ್ಲ. ಮೊದಲ ಎರಡು ಭಾನುವಾರ ಅವ್ವನೂ ನಿರ್ಮಲಾಳೂ ಮಗುವನ್ನು ಕರೆದುಕೊಂಡು ರೋಣದಿಂದ ಬಸ್ಸಿನಲ್ಲಿ ಮೆಣಸಗಿಗೆ ಬಂದುಹೋಗಿದ್ದರು. ಮಿಲ್ಟ್ರಿ ಅರ್ಜುನಪ್ಪನ ಹೆದರಿಕೆ ಮಂತ್ರಕ್ಕೆ ಚಿಕ್ಕನರಗುಂದದಿಂದಲೂ ಜನ ಬರುತ್ತಾರೆ, ಸಾಬರ ಮನೆಯ ಕೂಸುಗಳನ್ನೂ ತರುತ್ತಾರೆ, ಅವನು ಒಂದು ತೆಂಗಿನಕಾಯಿ ಕೂಡ ಮುಟ್ಟುವುದಿಲ್ಲ ಎಂದು ಅವ್ವ ಹೇಳಿದ್ದಳು. ಹೆಬ್ಬೆರಳಿನಿಂದ ನೆತ್ತಿಯ ಮೇಲೆ ಸುತ್ತು ತಿರುವುತ್ತ ಒಂದು ಶಬ್ದ ಅನ್ನುತ್ತಾನೆ; ಸುಮ್ಮನಾಗುತ್ತಾನೆ; ಇನ್ನೊಂದು ಅನ್ನುತ್ತಾನೆ. ಸುಮ್ಮನಿದ್ದಾಗ ದೇವರು ಉತ್ತರ ಕೊಡುತ್ತಾನಂತೆ. ಮೂರನೇ ವಾರ ಮಾತ್ರ, ಮಗು ಹೆದರಿದಾಗ ಅದರ ಜೊತೆಗೆ ಯಾರಿದ್ದರೋ ಅವರೇ ಎದುರು ಕೂತಿರಬೇಕು. ನಿರ್ಮಲಾ ನಿನ್ನೆ ಇದನ್ನು ಹೇಳಿದ್ದು ಬಟ್ಟೆ ಮಡಚುತ್ತ, ಅವನ ಕಡೆ ನೋಡದೆ. “ಜೋಡಿ ನೀವ ಇದ್ರೆಲ್ಲ.” ಅದರಲ್ಲಿ ಸಂಶಯವಿತ್ತೋ ಇಲ್ಲವೋ ತಿಳಿಯದೆ ಅವನು ರಾತ್ರಿಯೆಲ್ಲ ಆ ಮೂರು ಶಬ್ದಗಳನ್ನು ತಿರುವಿ ಹಾಕಿದ್ದ. ಬೆಳಿಗ್ಗೆ ಬಸ್ಸಿನಲ್ಲಿ ಚಿನ್ನು ಅಜ್ಜಿಯ ತೊಡೆಯ ಮೇಲೆ ಕೂತು ಕಿಟಕಿಯ ಸರಳನ್ನು ಎರಡೂ ಕೈಯಿಂದ ಹಿಡಿದಿದ್ದಳು. ಅವಳು ಈಗ ಹೊರಗೆ ಹೋದರೆ ಯಾವಾಗಲೂ ಏನನ್ನಾದರೂ ಎರಡು ಕೈಯಿಂದ ಹಿಡಿದಿರುತ್ತಾಳೆ. ಮಾತು ನಿಂತಿದೆ. ನಿರ್ಮಲಾಳ ಕಿವಿಯಲ್ಲಿ ಒಂದೆರಡು, ನೀರು, ಉಚ್ಚಿ, ಅಷ್ಟೇ. ಸಾಲೆಗೆ ಹೋಗುವುದಿಲ್ಲ. ಗದಗಿನ ಡಾಕ್ಟರು ಗಂಟಲಲ್ಲಿ ಏನೂ ಇಲ್ಲ ಎಂದಿದ್ದರು.

ಅರ್ಜುನಪ್ಪನದು ನೆರೆ ಬಂದ ಮೇಲೆ ಸರಕಾರ ಕಟ್ಟಿಸಿಕೊಟ್ಟ ಸಾಲುಮನೆ. ಎಲ್ಲ ಮನೆಗಳೂ ಒಂದೇ ಅಳತೆ. ಒಳಗೆ ಉಳ್ಳಾಗಡ್ಡಿಯ ವಾಸನೆ, ಮೂಲೆಯಲ್ಲಿ ಬಿಳಿ ಅಕ್ಷರದ ಹೆಸರು ಮಾಸಿದ ಕಪ್ಪು ಟ್ರಂಕು, ಅದರ ಮೇಲೆ ಹಾಸಿಗೆಯ ಸುರುಳಿ. ಶಶಿಕಾಂತ ಗೋಡೆಗೆ ಬೆನ್ನು ಕೊಟ್ಟು, ಕಲಿತವನು ಅನಕ್ಷರಸ್ಥರ ಮನೆಯಲ್ಲಿ ಕೂರುವಾಗಿನ ಉದಾರ ಬೇಸರದಲ್ಲಿ ಕೂತಿದ್ದ. ಅರ್ಜುನಪ್ಪ ಕಣ್ಣು ಮುಚ್ಚಿ “ಮೀಲಿತೋ” ಅಂದಾಗ ಸಂಸ್ಕೃತವಿರಬೇಕು, ಯಾವುದೋ ಮುರಿದ ಶ್ಲೋಕ ಎಂದುಕೊಂಡ. ಮೌನ. “ಮೀಲಿತತ್.” ಮತ್ತೆ ಮೌನ. “ಮೀಲಿತಾತಿಸ್.” ಆಗ ಬೆನ್ನಿನ ಹಿಂದೆ ಗೋಡೆ ತಣ್ಣಗಾದಂತೆ ಆಯಿತು. ಇಲ್ಲ, ಇರಲಾರದು ಎಂದುಕೊಳ್ಳುವಷ್ಟರಲ್ಲಿ ಎರಡನೆಯ ಸುತ್ತು ಶುರುವಾಗಿ, ಮತ್ತೆ “ಮೀಲಿತೋ” ಬಂದು, ಅದರ ಮುಂದಿನ ಖಾಲಿ ಜಾಗದಲ್ಲಿ ಅವನ ನಾಲಿಗೆ ಕಾಲಿಟ್ಟಿತ್ತು.

ಈ ಭಾಷೆ ತನ್ನೊಬ್ಬನದು ಎಂದು ಅವನು ನಂಬಿದ್ದ. ಎರಡು ವರ್ಷದಿಂದ ಯಾರಿಗೂ ಬೇಡದ ಒಂದು ಲ್ಯಾಟಿನ್ ವ್ಯಾಕರಣವನ್ನು ಮೊಬೈಲಿನಲ್ಲಿ ಇಟ್ಟುಕೊಂಡು, ಬಸ್ಸಿನಲ್ಲಿ, ಗಡ್ಡ ಹೆರೆಯುವಾಗ, ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಗುನುಗುತ್ತ ಬಂದಿದ್ದ. ಅವನು ಇಂಗ್ಲಿಷ್ ಕಲಿಸುವ ಅತಿಥಿ ಉಪನ್ಯಾಸಕ. ಹತ್ತು ವರ್ಷದಿಂದ ಅತಿಥಿ. ಓದಿದ್ದೆಲ್ಲ ಯಾರೋ ಯಾವುದೋ ಭಾಷೆಯಿಂದ ತಂದುಕೊಟ್ಟ ಕಾದಂಬರಿಗಳು. ಒಂದಾದರೂ ಮೂಲವನ್ನು ಕೈಯಿಂದ ಮುಟ್ಟಬೇಕೆಂಬ ಹಟದಲ್ಲಿ ಸತ್ತ ಭಾಷೆಯೊಂದನ್ನು ಹಿಡಿದಿದ್ದ. “ಶಶಿ ಸರ, ಲ್ಯಾಟಿನ್ ಕಲ್ತು ಯಾರ ಕೂಡ ಮಾತಾಡವ್ರು? ಹೊಲದಾಗಿನ ಬೆದರಗೊಂಬಿ ಕೂಡ?” ಎಂದು ಕಾಮರ್ಸಿನ ಅಮೋಘಸಿದ್ದ ಸರ್ ಕೇಳಿದಾಗ ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಈಗ ಆ ಭಾಷೆ, ಎಮ್ಮೆಯ ಹಗ್ಗ ನೇತುಹಾಕಿದ ಗೋಡೆಯ ಕೆಳಗೆ, ಸಹಿ ಮಾಡುವುದಕ್ಕೂ ತಡಕಾಡುವ ಮುದುಕನೊಬ್ಬನ ಗಂಟಲಲ್ಲಿ ಬಾಲ ಮುರಿಯದೆ, ದೀರ್ಘ ಹ್ರಸ್ವ ತಪ್ಪದೆ ನಿಂತಿತ್ತು. ಯಾವ ಸಮುದ್ರ, ಯಾವ ಶತಮಾನ ದಾಟಿ ಬಂತು ಇದು? ಮೈ ಜುಮ್ಮೆಂದದ್ದು ತೋಳಿನಿಂದ ಶುರುವಾಗಿ ಕತ್ತಿಗೆ ಏರಿತು. ಕೈ ಮುಗಿಯಬೇಕೆನ್ನಿಸಿತು, ಯಾರಿಗೆಂದು ತಿಳಿಯಲಿಲ್ಲ.

“ಇನ್ನೊಮ್ಮೆ ಅನ್ರಿ ಸರ,” ಅಂದ ಅರ್ಜುನಪ್ಪ.

“ಮೀಲಿತಾಸ್.”

“ಆಮ್ಯಾಲ?”

“ಮೀಲಿತಾಮುಸ್. ಕಡೀಕ ಮೀಲಿತಂತ್.”

ಅರ್ಜುನಪ್ಪ ತುಟಿಯನ್ನು ಒಳಗೆಳೆದುಕೊಂಡ. ಮಗುವಿನ ನೆತ್ತಿಯಿಂದ ಕೈ ತೆಗೆದು ಎರಡೂ ಅಂಗೈಗಳನ್ನು ತನ್ನ ಮೊಣಕಾಲಿನ ಮೇಲೆ ಬೋರಲು ಇಟ್ಟ. “ಎಲ್ಲೆ ಕಲ್ತ್ರಿ ಇದನ್ನ?”

“ಹಿಂಗ… ಪುಸ್ತಕದಾಗ್ರಿ ಕಾಕಾ. ಮೊಬೈಲಿನಾಗ.”

“ಯಾವಾಗ?”

ಯಾವಾಗ ಎಂಬುದಕ್ಕೆ ದಿನ ಇತ್ತು, ಗಂಟೆ ಇತ್ತು, ಕಂಬ ಇತ್ತು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎಡಗಡೆಯ ಮೂರನೇ ಕಂಬ. ಸೋದರಮಾವನ ಮನೆಯಿಂದ ಹಿಂತಿರುಗುವಾಗ ಅವನು ಚಿನ್ನುವಿನ ಜೊತೆ ಆ ಕಂಬದ ಬುಡದಲ್ಲಿ ನಿಂತು ಅಂದಿನ ಪಾಠ ತೆರೆದಿದ್ದ. ಮೀಲಿತೋ, ದಂಡಿನಲ್ಲಿ ಸೇವೆ ಮಾಡುತ್ತಿದ್ದೇನೆ. ಅಷ್ಟು ಉದ್ದದ ಮಾತು ಒಂದೇ ಶಬ್ದದಲ್ಲಿ, ನಮ್ಮ ಕನ್ನಡದ ಹಾಗೆಯೇ ಬಾಲದಲ್ಲಿ ಆಳನ್ನು ಇಟ್ಟುಕೊಂಡು. ಬಾಲ ಬದಲಿಸಿದರೆ ಆಳು ಬದಲಾಗುತ್ತಾನೆ: ಮೀಲಿತಾಸ್, ನೀನು, ಮೀಲಿತತ್, ಅವನು, ಮೀಲಿತಾಮುಸ್, ನಾವು, ಮೀಲಿತಾತಿಸ್, ನೀವು, ಮೀಲಿತಂತ್, ಅವರು. ನಡುವೆ ಒಂದು ಬಾ ಸಿಕ್ಕಿಸಿದರೆ ಆ ಆರೂ ಜನ ಹಿಂದಿನ ಕಾಲಕ್ಕೆ ಸರಿದು ನಿಲ್ಲುತ್ತಾರೆ: ಮೀಲಿತಾಬಮ್, ದಂಡಿನಲ್ಲಿದ್ದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೈನ್ಯದ ಭರ್ತಿಗೆ ಹೋಗಿ, ತೋಳಿನ ಮೇಲೆ ಮಾರ್ಕರಿನಿಂದ ನಂಬರು ಬರೆಸಿಕೊಂಡು ಓಡಿ, ಮೂರನೇ ಸುತ್ತಿನಲ್ಲಿ ಮಣ್ಣಿನಲ್ಲಿ ಕೂತುಬಿಟ್ಟಿದ್ದವನು ಅವನು. ಒಬ್ಬ ಸಿಪಾಯಿ ಕಂಕುಳಿಗೆ ಕೈ ಕೊಟ್ಟು ಎತ್ತಿ ಹಗ್ಗದ ಆಚೆ ಕೂರಿಸಿದ್ದ. ಬೈದಿದ್ದರೆ ಸಹಿಸಬಹುದಿತ್ತು, ಅವನು ನೀರು ಕೊಟ್ಟಿದ್ದ. ಮನೆಗೆ ಬಂದು ತೋಳಿನ ನಂಬರನ್ನು ಇಟ್ಟಿಗೆ ಚೂರಿನಿಂದ ತಿಕ್ಕಿ ತಿಕ್ಕಿ ರಕ್ತ ಬರಿಸಿಕೊಂಡಿದ್ದ. ಈ ಶಬ್ದದ ಮೊದಲ ರೂಪವನ್ನು ಜೋರಾಗಿ ಅನ್ನುವ ಹಕ್ಕು ನನಗಿಲ್ಲ ಎಂದು ಕಂಬದ ಬುಡದಲ್ಲಿ ಅನ್ನಿಸಿ, ಆ ಅನ್ನಿಸಿಕೆಯೇ ಒಂಥರ ರುಚಿಯಾಗಿ, ಅದನ್ನು ಚೀಪುತ್ತ ಅವನು ರೋಣದ ಬಸ್ಸು ಹತ್ತಿದ. ಕಿಟಕಿಯ ಬದಿ ಕೂತ. ಭವಿಷ್ಯತ್ ಕಾಲ ಓದಿದ. ಊರು ದಾಟಿ, ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ಒಂದೊಂದಾಗಿ ಹೊಲದ ಮೇಲೆ ನೆರಳು ಬೀಸುವ ಕಡೆ ಬಂದಾಗ ಕಂಡಕ್ಟರು ಕೈ ಚಾಚಿದ. “ಒಂದು ರೋಣ, ಒಂದು ಫ್ರೀ. ಹುಡಿಗೀದು,” ಅಂದ ಶಶಿಕಾಂತ, ಮೊಬೈಲಿನಿಂದ ಕಣ್ಣು ಎತ್ತದೆ. ಕಂಡಕ್ಟರು ಬಗ್ಗಿ ಸೀಟು ನೋಡಿದ. ಸೀಟಿನ ಕೆಳಗೂ ನೋಡಿದ. “ಹುಡಿಗಿ ಎಲ್ಲೆ?”

ಇಪ್ಪತ್ತೈದು ನಿಮಿಷ. ಯಾರದೋ ಬೈಕಿನ ಹಿಂದೆ ಕೂತು ಮರಳಿ ಬಂದಾಗ ಅವಳು ಅದೇ ಮೂರನೇ ಕಂಬವನ್ನು ಎರಡೂ ಕೈಯಿಂದ ತಬ್ಬಿ ನಿಂತಿದ್ದಳು. ಅಳುತ್ತಿರಲಿಲ್ಲ. ಶೇಂಗಾ ಮಾರುವ ಹೆಂಗಸು, “ಕರದ್ರ ಬರಲಿಲ್ರಿ, ಕಂಬಾ ಬಿಡಲಿಲ್ರಿ,” ಅಂದಳು. ಚಿನ್ನು ಅವತ್ತು ಮಾತಾಡಿದ್ದಳು. ಬಸ್ಸಿನಲ್ಲಿ ಬರುವಾಗ “ಅಪ್ಪಾ, ನೀ ಎಲ್ಲಿ ಹೋಗಿದ್ದಿ?” ಎಂದು ಕೇಳಿದ್ದಳು, ಸುಮ್ಮನೆ ತಿಳಿದುಕೊಳ್ಳಲೆಂಬಂತೆ. ಮಾತು ನಿಂತದ್ದು ಮನೆಗೆ ಬಂದ ಮೇಲೆ. “ಗದ್ದಲದಾಗ ಕೈ ಬಿಟ್ಟಳವ್ವಾ. ಐದು ನಿಮಿಷ ಕಾಣಲಿಲ್ಲ,” ಎಂದು ಅವನು ಚಪ್ಪಲಿ ಬಿಡುತ್ತ ಹೇಳಿದ. ಬಾಳವ್ವ ಮಗುವನ್ನು ಹಿಡಿದು ಅಲುಗಾಡಿಸಿದಳು: “ಕೈ ಯಾಕ ಬಿಟ್ಟಿ? ಹಾಂ? ಅಪ್ಪನ ಕೈ ಯಾಕ ಬಿಟ್ಟಿ?” ಚಿನ್ನು ಅಜ್ಜಿಯ ಭುಜದ ಮೇಲಿಂದ ಅವನನ್ನು ನೋಡಿದಳು. ಕಾದಳು. ಅವನು ಚಪ್ಪಲಿಗಳನ್ನು ಗೋಡೆಗೆ ಸರಿಯಾಗಿ ಜೋಡಿಸಿಟ್ಟು ಬಚ್ಚಲಿಗೆ ಹೋದ.

“ನೆನಪಿಲ್ರಿ ಯಾವಾಗಂತ,” ಅಂದ ಈಗ ಅರ್ಜುನಪ್ಪನಿಗೆ.

ಅರ್ಜುನಪ್ಪ ಒತ್ತಾಯಿಸಲಿಲ್ಲ. ಟ್ರಂಕಿನ ಕಡೆ ನೋಡಿದ, ಮತ್ತೆ ಅಂಗೈ ಕಡೆ. ಮಾತಾಡಿದಾಗ ಅದು ಶಶಿಕಾಂತನೊಬ್ಬನಿಗೇ ಹೇಳಿದಂತಿತ್ತು. “ಮ್ಯಾಲಿನ ಪೋಸ್ಟಿನ್ಯಾಗ ಇಬ್ಬರ ಇರ್ತಿದ್ವಿ. ಬರ್ಫದ ಗುಡ್ಡ. ಅಂವಾ ಗೋವಾದಂವ. ಪಾದ್ರಿ ಆಗಾಕ ಕಲಿಯಾಕ ಹೋಗಿ, ನಡಕ ಓಡಿ ಬಂದು ಫೌಜಿಗೆ ಸೇರಿದ್ದ. ನಾವೆಲ್ಲಾ ಪಾದ್ರಿ ಅಂತನ ಕರೀತಿದ್ವಿ. ಅಲ್ಲೆ ಗಾಳಿ ತೆಳ್ಳಗರಿ ಸರ. ಮಾತಾಡದ ಕುಂತ್ರ ನಿದ್ದಿ ಹತ್ತತೈತಿ, ನಿದ್ದಿ ಹತ್ತಿದ್ರ ಮುಗೀತು. ಏನಂತ ಮಾತಾಡೂದು? ಎಂಟು ದಿನದಾಗ ಇಬ್ಬರವೂ ಮಾತು ಖಾಲಿ. ನಮ್ಮ ಎಮ್ಮಿ ಆತು, ಅವರ ಮೀನ ಆತು, ನನ್ನ ಲಗ್ನ ಆತು. ಆಮ್ಯಾಲ ಇದನ್ನ ಕಲಿಸಿದ. ನಾ ಒಂದು ಅನಬೇಕು, ಅಂವಾ ಒಂದು ಅನಬೇಕು. ಯಾರ ನಾಲಿಗಿ ತೊದಲತೋ ಅವನ ಮಿದುಳಿಗೆ ಗಾಳಿ ಮುಟ್ಟವಲ್ದು ಅಂತ ತಿಳಕೋಬೇಕು. ಲಗೂನ ಸಿಲಿಂಡರ್ ಹಚ್ಚಬೇಕು. ಹಂಗ ಅವನ ಜೀವಾ ನಾ ಎರಡು ಸಲ ಉಳಿಸೇನಿ, ಅಂವಾ ನಂದು ಮೂರು ಸಲ.”

“ಅರ್ಥ ಹೇಳಿದ್ನೇನ್ರಿ?”

“ಹೇಳಿದ್ದ. ಫೌಜಿನಾಗ ಅದೀನಿ, ಅದೀ, ಅದಾನ. ಹೊಡದಾಡೂದು ಅಂತೇನು ಅಂತ ಕೇಳಿದೆ. ಅಲ್ಲಲೇ, ಹೊಡದಾಡಾಕ ಬ್ಯಾರೇ ಶಬ್ದ ಐತಿ, ಇದು ಬರೇ ಇರೂದು, ನಿಂದ್ರು ಅಂದ ಕಡೆ ನಿಂದ್ರೂದು ಅಂದ. ನಾ ನಕ್ಕೆ. ಅದಕ್ಕೂ ಒಂದು ಶಬ್ದ ಬೇಕೇನಲೇ ಅಂದೆ. ಒಂದಲ್ಲ, ನೂರು ಅದಾವ, ಎಲ್ಲಾ ಕಲಿಸ್ತೀನಿ ಅಂದ.”

ಮೊರದಲ್ಲಿ ಒಂದು ಕಾಳು ಉರುಳಿದ ಸದ್ದು ಕೇಳಿಸಿತು. ಅರ್ಜುನಪ್ಪ ಮುಂದುವರಿಸಿದಾಗ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಒಂದಿನಾ ಮುಂಜೇಲೆ ನಾ ಮೀಲಿತೋ ಅಂದೆ. ಅಂವಾ ಅನಲಿಲ್ಲ. ತಡಾ ಮಾಡ್ತಾನ ಅಂತ ಕಾದೆ. ಕಾದು, ಮುಂದಿಂದು ಅಂದೆ. ಮತ್ತ ಕಾದೆ. ಸಿಲಿಂಡರ್ ಹಚ್ಚಿ ನೋಡಿದೆ. ಕೆಳಗಿಂದ ಮಂದಿ ಹತ್ತಿ ಬರಾಕ ಎರಡು ದಿನ ಹಿಡೀತು. ಅಲ್ಲೀತನಾ ನಂದು ನಾ ಅನಕೋಂತ, ಅವಂದು ಬಿಡಕೋಂತ ಕುಂತೆ. ಅಂದ್ನೆಲ್ಲ, ಮಾತು ನಿಂತ್ರ ನಿದ್ದಿ ಹತ್ತತಿತ್ತು.”

ಶಶಿಕಾಂತ ಉಸಿರು ಬಿಟ್ಟದ್ದು ತನಗೇ ಕೇಳಿಸಿತು. ಎರಡು ದಿನ ಎಂಬುದನ್ನು ಅವನು ಗಂಟೆಗಳಲ್ಲಿ, ಸುತ್ತುಗಳಲ್ಲಿ ಎಣಿಸಲು ಹೋಗಿ ಬಿಟ್ಟ. ಸುತ್ತಲೂ ಬಿಳಿ, ಪಕ್ಕದಲ್ಲಿ ಹೆಪ್ಪುಗಟ್ಟಿದ ಗೆಳೆಯ, ನಡುವೆ ಎರಡು ಸಾವಿರ ವರ್ಷದ ಹಿಂದಿನ ಯಾರೋ ಸಿಪಾಯಿಗಳು ಆಡಿದ್ದ ಶಬ್ದ. ನಾನು ಇದ್ದೇನೆ. ಅವನು ಇದ್ದಾನೆ. ನೀವು ಇದ್ದೀರಿ. ಅರ್ಜುನಪ್ಪನ ಪಾಲಿಗೆ ಬಂದವು ಈ ಮೂರು. ನೀನು, ನಾವು, ಅವರು ಎಂಬವು ಪಾದ್ರಿಯವು. ಈ ಊರಿನಲ್ಲಿ ನಲವತ್ತು ವರ್ಷದಿಂದ ‘ನಾವು’ ಎಂಬ ರೂಪ ಬರುವ ಕಡೆ ಒಬ್ಬ ಮುದುಕ ಉಸಿರು ಹಿಡಿದು ಕಾಯುತ್ತಾನೆ, ಆ ಮೌನದ ಕೆಳಗೆ ಊರ ಕೂಸುಗಳನ್ನು ತಂದು ಮಲಗಿಸುತ್ತಾರೆ, ಅವು ಅಳು ನಿಲ್ಲಿಸುತ್ತವೆ. ತಾನು ಮೊಬೈಲಿನಲ್ಲಿ ರುಚಿ ನೋಡಿದ್ದು ಇದನ್ನೇ? ಸಕ್ಕರೆಯೆಂದು ನಾಲಿಗೆಗೆ ಹಚ್ಚಿಕೊಂಡ ಹರಳು ಬಾಯೊಳಗೆ ಗುಡ್ಡವಾಗಿ ಬೆಳೆಯುತ್ತಿರುವಂತೆ ಅವನು ಹೆದರಿದ, ಮತ್ತು ಆ ಹೆದರಿಕೆ ಅವನಿಗೆ ಬೇಕಾಗಿತ್ತು.

“ಇಷ್ಟು ವರ್ಷ ಬಾಳೇ ಮಾಡೇನಿ,” ಅಂದಳು ತಿಪ್ಪವ್ವ ಬಾಗಿಲಲ್ಲಿ. “ಒಂದಿನಾರ ಹೇಳಿಯೇನು ಇದನ್ನ?”

“ನೀ ಕೇಳಿದ್ದೇನು? ನಮ್ಮ ಮಗ ದುರಗೇಶ ಕೂಸಿದ್ದಾಗ ಬೆಚ್ಚಿ ಅಳತಿದ್ದ, ನನ್ನ ಬಾಜೂಕ ಹಾಕಿದಿ. ನಾ ಅನಕೋಂತ ಮಲಗಿದ್ದೆ, ಅಂವಾ ಸುಮ್ಮನಾದ. ಮರುದಿನಾ ದೇವರು ಉತ್ತರಾ ಕೊಡ್ತಾನಂತ ಊರಿಗೆಲ್ಲಾ ನೀನ ಸಾರಿ ಬಂದಿ.”

“ಅಂದ್ರ ಇದು ಮಂತ್ರ ಅಲ್ಲೇನ್ರಿ?” ಬಾಳವ್ವನ ದನಿ ಸಣ್ಣಗಾಗಿತ್ತು.

“ಮಂತ್ರ ಅಂತ ನಾ ಯಾವತ್ತ ಅಂದೇನ್ರಿ ಬಾಳವ್ವಾರ? ಮಂದಿ ತರ್ತಾರ, ನಾ ಅಂತೀನಿ.”

“ಮತ್ತ ಕೂಸುಗೋಳು ಸುಧಾರಿಸ್ತಾವಲ್ಲ?”

“ಸುಧಾರಿಸ್ತಾವ್ರಿ. ಯಾಕಂತ ನನಗೂ ಗೊತ್ತಿಲ್ಲ.” ಹೊರಗಿನ ಕಡೆ ಗದ್ದ ತಿರುಗಿಸಿದ. “ಎತ್ತೂ ಸುಧಾರಿಸ್ತಾವ.”

ತಿಪ್ಪವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ನಗುವೋ ಅಳುವೋ ತಿಳಿಯದ ಸದ್ದು ಮಾಡಿ, ಮೊರವನ್ನು ನೆಲಕ್ಕಿಟ್ಟಳು. ಅರ್ಜುನಪ್ಪ ಶಶಿಕಾಂತನತ್ತ ತಿರುಗಿದ. “ನಂದು ಹೇಳಿದೆ ಸರ. ನಿಮ್ದು ಹೇಳ್ರಿ. ಅವನ ಶಬ್ದ ನಿಮ್ಮ ಬಾಯಿಗೆ ಹ್ಯಾಂಗ ಬಂತು, ತಿಳೀಬೇಕು ನನಗ.”

ಪುಸ್ತಕ ಎನ್ನಬಹುದಿತ್ತು. ಕಾಲೇಜು ಎನ್ನಬಹುದಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಚಿನ್ನು ನಿರ್ಮಲಾಳ ಬಳೆಗಳನ್ನು ಎರಡೂ ಕೈಯಿಂದ ಹಿಡಿದು ಅವನನ್ನೇ ನೋಡುತ್ತಿದ್ದಳು, ಅವತ್ತು ಅಜ್ಜಿಯ ಭುಜದ ಮೇಲಿಂದ ಕಾದಿದ್ದ ಹಾಗೆಯೇ. ಹಾಗಾದರೆ ಅವಳು ಹೆದರಿರಲಿಲ್ಲ, ಎಂದು ಅವನಿಗೆ ಈಗ ಕಂಡಿತು. ಈ ಏಳು ವಾರವೂ ಅವಳು ಕಾಯುತ್ತಿದ್ದಾಳೆ. ಅವನು ಅನ್ನಬೇಕಾದ್ದನ್ನು ಅನ್ನಲೆಂದು, ಕಂಬ ಬಿಡದೆ.

“ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಾಗ ಕಲ್ತೆ,” ಅಂದ.

ನಿರ್ಮಲಾಳ ಕೈ ಮಗಳ ರಿಬ್ಬನ್ ಮೇಲೆ ನಿಂತಿತು.

“ಅವತ್ತ. ಇದನ್ನ ಓದಕೋಂತ ನಿಂತಿದ್ದೆ. ಬಸ್ ಬಂತು, ಓದಕೋಂತ ಹತ್ತಿದೆ. ಇಕೀ ಕೆಳಗ ಉಳಿದ್ಳು. ಗುಡ್ಡದ ತನಾ ಹೋಗಿದ್ದೆ. ಕಂಡಕ್ಟರ್ ಕೇಳಿದ ಮ್ಯಾಲ ಗೊತ್ತಾತು.” ಇನ್ನೂ ಹೇಳಬೇಕಾದ್ದು ಉಳಿದಿತ್ತು, ಅದೇ ಭಾರವಾದದ್ದು. ಭರ್ತಿಯ ಮೈದಾನದ ಧೂಳು ನೆನಪಾಗಿ, ಕೂತುಬಿಡಬೇಕೆನ್ನಿಸಿತು, ಕೂತೇ ಇದ್ದ. “ಇಕೀ ಕೈ ಬಿಡಲಿಲ್ಲ. ಕೈ ಬಿಟ್ಟಳು ಅಂತ ನಾನ ಸುಳ್ಳು ಹೇಳಿದೆ. ಐದು ನಿಮಿಷ ಅಂದದ್ದೂ ಸುಳ್ಳು.”

ಬಾಳವ್ವ ಮೊಮ್ಮಗಳ ಕಡೆ ಕೈ ಚಾಚಿ, ಮುಟ್ಟದೆ ಹಿಂತೆಗೆದುಕೊಂಡಳು. “ನಾ ಕೂಸಿನ್ನ ಹಿಡದು ಅಷ್ಟು ಬೈದ್ನೆಲ್ಲೋ,” ಎಂದಳು. “ನೀ ಅಲ್ಲೇ ನಿಂತಿದ್ದೆಲ್ಲೋ.” ನಿರ್ಮಲಾ ತಲೆ ಎತ್ತಿ ಗಂಡನನ್ನು ನೋಡಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ, ಅದೇ ಅವನಿಗೆ ಎಲ್ಲಕ್ಕಿಂತ ಕೆಟ್ಟದಾಗಿ ತಾಗಿತು. “ಗದಗಿನ್ಯಾಗ ಕೂಸಿನ ಗಂಟಲಾಗ ಚಮಚಾ ಹಾಕಿ ನೋಡಿದ್ರು,” ಅಂದಳು, ಮೆಲ್ಲಗೆ. “ಆವಾಗೂ ಸುಮ್ಮನಿದ್ರೆಲ್ರಿ ನೀವು.”

“ನಾ ಕೈ ಬಿಟ್ಟಿರಲಿಲ್ಲ ಆಯಿ.”

ದನಿ ಒರಟಾಗಿತ್ತು, ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆಯ ಮುಚ್ಚಳದ ಹಾಗೆ. ಯಾರು ಮಾತಾಡಿದರೆಂದು ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಚಿನ್ನು ಅಜ್ಜಿಯ ಕಡೆ ತಿರುಗಿ, ಸಾಲೆಯಲ್ಲಿ ಲೆಕ್ಕ ಒಪ್ಪಿಸುವ ಗಾಂಭೀರ್ಯದಲ್ಲಿ, ಉಳಿದದ್ದನ್ನೂ ಹೇಳಿದಳು. “ಅಪ್ಪನ ಕೈಯಾಗ ಮೊಬೈಲ್ ಇತ್ತು. ಹಿಡಕೊಳ್ಳಾಕ ಕೈ ಖಾಲಿ ಇರಲಿಲ್ಲ. ನಾ ಅಂಗಿ ಹಿಡದಿದ್ದೆ. ಅಂಗಿ ಹೋತು.”

ಬಾಳವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಿರ್ಮಲಾ ಮಗಳನ್ನು ಎದೆಗೆ ಎಳೆದುಕೊಳ್ಳಲು ಹೋದರೆ ಅವಳು ಕೊಸರಿ, ಅರ್ಜುನಪ್ಪನ ಮೊಣಕಾಲಿನ ಮೇಲೆ ಬೋರಲು ಬಿದ್ದಿದ್ದ ಅಂಗೈಯನ್ನು ಒಂದು ಬೆರಳಿನಿಂದ ತಟ್ಟಿದಳು. “ಅಜ್ಜಾ, ಮುಂದ ಅನ್ರಿ.”

“ಮಂತ್ರ ಅಲ್ಲವ್ವಾ ಅದು,” ಅಂದ ಅರ್ಜುನಪ್ಪ.

“ಇರವಲ್ದ್ಯಾಕ. ಅನ್ರಿ.”

ಅರ್ಜುನಪ್ಪ ಹೆಬ್ಬೆರಳನ್ನು ನೆತ್ತಿಗೆ ಇಟ್ಟ. “ಮೀಲಿತೋ,” ಅಂದ, ಮತ್ತು ನಿಲ್ಲಿಸಿದ. ಶಶಿಕಾಂತ ಹಲ್ಲಿನ ನಡುವೆ ನಾಲಿಗೆಯನ್ನು ಕಚ್ಚಿ ಹಿಡಿದ. ಹಿಂದೆ ಎಂದೂ ಅವನು ಮೌನವೊಂದನ್ನು ಹೀಗೆ, ಅದರ ಅಂಚು ಮುಟ್ಟಿ ಕೇಳಿರಲಿಲ್ಲ. ಅದು ಒಂದು ಶಬ್ದದಷ್ಟೇ ಉದ್ದ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಗೋವಾದ ಯಾವನೋ ಹುಡುಗನ ಬಾಯಿ ತೆರೆದು ಮುಚ್ಚುವಷ್ಟು ಹೊತ್ತು. “ಮೀಲಿತತ್.” ಮತ್ತೆ ಅದೇ ಅಳತೆ. ತಿಪ್ಪವ್ವ ಬಾಗಿಲ ಚೌಕಟ್ಟಿಗೆ ತಲೆ ಆನಿಸಿ, ಇದೇ ಮೊದಲ ಸಲ ಕೇಳುವವಳಂತೆ ಕೇಳುತ್ತಿದ್ದಳು. ಹೊರಗೆ ಎತ್ತಿನ ಕೊರಳ ಗಂಟೆ ಕೂಡ ನಿಂತಿತ್ತು, ಅಥವಾ ಅವನಿಗೆ ಹಾಗೆ ಅನ್ನಿಸಿತು. ಸುತ್ತುಗಳನ್ನೆಲ್ಲ ಮುಗಿಸಿ ಅರ್ಜುನಪ್ಪ ಕೈ ತೆಗೆದಾಗ ಚಿನ್ನು ಎದ್ದು, ಯಾರನ್ನೂ ಹಿಡಿಯದೆ, ಬಾಗಿಲು ದಾಟಿ ಎತ್ತು ನೋಡಲು ಹೋದಳು. ಎರಡು ಕೈಗಳೂ ಬದಿಗೆ ಜೋತುಬಿದ್ದಿದ್ದವು. “ಹಾಯತೈತಿ ನೋಡ ಮತ್ತ, ದೂರ ನಿಂದರವ್ವಾ,” ಎಂದು ಕನಕಪ್ಪ ಅನ್ನುವುದು, “ನಿಮ್ಮ ಎತ್ತಿನ ಹೆಸರೇನು?” ಎಂದು ಅವಳು ಕೇಳುವುದು ಒಳಗೆ ಕೇಳಿಸಿತು. ಅವ್ವನೂ ನಿರ್ಮಲಾಳೂ ಅವಳ ಹಿಂದೆ ಹೋದರು. ನಿರ್ಮಲಾ ಹೊಸ್ತಿಲಲ್ಲಿ ಅವನಿಗಾಗಿ ನಿಲ್ಲಲಿಲ್ಲ. ಅದು ಸರಿಯಾಗಿಯೇ ಇತ್ತು, ಆ ಲೆಕ್ಕ ಅವನು ಮನೆಯಲ್ಲಿ ಕೂತು ಒಪ್ಪಿಸಬೇಕಾದದ್ದು.

ಅರ್ಜುನಪ್ಪನಿಗೆ ಏನನ್ನಾದರೂ ಕೊಡಬೇಕಿತ್ತು. ಎದೆ ತುಂಬಿ ಅಂಚಿಗೆ ಬಂದಿತ್ತು, ಚೆಲ್ಲುವ ಮೊದಲು ಯಾರ ಮುಂದಾದರೂ ಇಳಿಸಬೇಕಿತ್ತು. ಈ ಮನುಷ್ಯ ತೆಂಗಿನಕಾಯಿ ಮುಟ್ಟುವವನಲ್ಲ. ಆದರೆ ತನ್ನ ಬಳಿ ಈ ಜಿಲ್ಲೆಯಲ್ಲಿ ಇನ್ಯಾರ ಬಳಿಯೂ ಇಲ್ಲದ್ದೊಂದು ಇದೆ. ಎರಡು ವರ್ಷ ಯಾಕೆ ಕಲಿತೆ ಎಂಬುದಕ್ಕೆ ಕೊನೆಗೂ ಒಂದು ಉತ್ತರ. ನೀನು, ನಾವು, ಅವರು. ಹೇಳುವ ಮೊದಲೇ ಅವನಿಗೆ ಕಣ್ಣು ಮಂಜಾಯಿತು, ತನ್ನ ಔದಾರ್ಯಕ್ಕೇ ಇರಬೇಕು.

“ಕಾಕಾ, ನಾ ಪ್ರತಿ ಐತವಾರ ರೋಣದಿಂದ ಬರ್ತೀನ್ರಿ,” ಅಂದ. “ನೀವು ಒಂದು ಅನ್ರಿ, ನಾ ಒಂದು ಅಂತೀನಿ. ಪಾದ್ರಿ ಬಿಟ್ಟು ಹೋಗಿದ್ದೆಲ್ಲಾ ನನಗ ಬರ್ತಾವ. ಅವರು ಕಲಿಸದ ಉಳದದ್ದೂ ಬರ್ತಾವ. ಖಾಲಿ ಬಿಡೂದು ಬ್ಯಾಡ ಇನ್ನ ಮ್ಯಾಲ.”

ಅರ್ಜುನಪ್ಪ ಗೋಡೆಗೆ ಕೈ ಊರಿ ಎದ್ದ. ಮೊಣಕಾಲು ಚಟ್ಟೆಂದಿತು. ಎತ್ತಿನ ಕಡೆ ಹೋಗಲು ಪಂಚೆ ಮೇಲಕ್ಕೆ ಕಟ್ಟಿಕೊಂಡು, ಕಣ್ಣಿಗೆ ಕಣ್ಣು ಕೊಟ್ಟು ಅವನನ್ನು ನೋಡಿದ.

“ಬ್ಯಾಡ್ರಿ,” ಅಂದ. “ಅದು ಪಾದ್ರಿ ಪಾಳಿ.”